ತೇಲುಗಾಡಿಯ ಮಾವ

ವ್ಯಾನ್ ಮಾವ ಟೀವಿಯ ಮುಂದೆ ಕೂತು ಕಾರ್ಟೂನ್ ನೋಡಿದ್ದನ್ನು ನಾನು ಕಂಡಿದ್ದು ಒಂದೇ ಒಂದು ಸಲ. ಆ ಒಂದು ಸಲವೇ ಸಾಕುಸಾಕಾಯಿತು. ಅವತ್ತು ಅವರ ಮುಖ ಬಿಳಿಚಿಕೊಂಡದ್ದನ್ನು ನೆನೆದರೆ ಈಗಲೂ ನನ್ನ ಎದೆ ಧಸಕ್ಕೆನ್ನುತ್ತದೆ. ಒಂದು ಮಕ್ಕಳ ಕಾರ್ಟೂನ್ ಮುಗಿದದ್ದಕ್ಕೆ ಅರವತ್ತರ ಹತ್ತಿರದ ಮನುಷ್ಯ ಹಾಗಾಗುವುದುಂಟೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಉತ್ತರ ಬೇಕಾದರೆ ಮೊದಲು ನಮ್ಮ ವ್ಯಾನ್ ಹತ್ತಬೇಕು.

ನಾನು ಆ ಶಾಲಾ ವ್ಯಾನಿನ ಆಯಾ. ಮಕ್ಕಳ ಬಾಯಲ್ಲಿ ಆಯಮ್ಮ. ಬೆಳಿಗ್ಗೆ ಮನೆಬಾಗಿಲಲ್ಲಿ ಮಕ್ಕಳನ್ನು ಹತ್ತಿಸಿಕೊಳ್ಳುವುದು, ಶಾಲೆಯ ಗೇಟಿನಲ್ಲಿ ಇಳಿಸುವುದು, ಸಂಜೆ ಅದನ್ನೇ ತಿರುಗುಮುರುಗಾಗಿ ಮಾಡುವುದು ನನ್ನ ಕೆಲಸ. ನಡುವೆ ವಾಂತಿ, ಕಣ್ಣೀರು, ಒಂಟಿ ಶೂ, ಕೂದಲಿಗಂಟಿದ ಚೂಯಿಂಗ್ ಗಮ್ಮು, ಇವುಗಳ ವಿಚಾರಣೆಯೂ ನನ್ನದೇ. ಡ್ರೈವರನ್ನು ಮಕ್ಕಳು ವ್ಯಾನ್ ಮಾವ ಅನ್ನುತ್ತಾರೆ, ನಾನು ಅಣ್ಣ ಅನ್ನುತ್ತೇನೆ, ಅವರು ನನ್ನನ್ನು ಅಕ್ಕ ಅನ್ನುತ್ತಾರೆ. ನಮ್ಮಿಬ್ಬರಲ್ಲಿ ದೊಡ್ಡವರು ಯಾರೆಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಇಬ್ಬರೂ ಚಿಕ್ಕವರಾಗಿಯೇ ಉಳಿಯಲು ಹಟ ಹಿಡಿದಿದ್ದೇವೆ.

ಕುಳ್ಳಗಿನ ಮನುಷ್ಯ. ಸ್ಟೀರಿಂಗ್ ಮೇಲಿಂದ ರಸ್ತೆ ಕಾಣಲಿ ಅಂತ ಸೀಟಿನ ಮೇಲೆ ಕಂಬಳಿ ಮಡಿಸಿ ಹಾಕಿಕೊಂಡು ಕೂರುತ್ತಾರೆ. ಮೊದಲು ವರ್ಷಗಟ್ಟಲೆ ಲಾರಿ ಓಡಿಸಿದವರು. ಜಲ್ಲಿ, ಸಿಮೆಂಟು, ಒಮ್ಮೊಮ್ಮೆ ಈರುಳ್ಳಿ. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಲು ಹೋಗಿ ಸುಟ್ಟುಕೊಂಡ ಗುರುತು ಎಡಗೈ ಮೇಲೆ ಇನ್ನೂ ಇದೆ. ಮಾತು ಕಡಿಮೆ. ಆದರೆ ಒಂದು ವಿಷಯ ಎತ್ತಿದರೆ ಮಾತ್ರ ಅವರಿಗೆ ಮೂಗಿನ ತುದಿಗೆ ಕೋಪ ಬರುತ್ತಿತ್ತು. ಮಧ್ಯಾಹ್ನ ವ್ಯಾನಿನಲ್ಲೇ ಊಟದ ಡಬ್ಬಿ ಬಿಚ್ಚಿಕೊಂಡು ಪೇಪರ್ ಓದುವರು. ಓದುತ್ತ ಓದುತ್ತ ಪೇಪರನ್ನು ಪಟಾರನೆ ಮಡಿಸಿ ನನ್ನ ಕಡೆ ತಿರುಗುವರು.

“ನೋಡಿ ಅಕ್ಕ. ಬಸ್ಸು ಬಂತು ಅಂತಾರೆ, ಬಸ್ಸು ಹೋಯ್ತು ಅಂತಾರೆ, ಬಸ್ಸು ಲೇಟಾಯ್ತು ಅಂತಾರೆ. ಅಲ್ಲಾ, ಬಸ್ಸು ತಾನಾಗೇ ಬರುತ್ತಾ?”

“ಇಲ್ಲಪ್ಪ, ನಾನು ತಳ್ಳಿದೆ. ಊಟ ಮಾಡಿ ಸುಮ್ನೆ,” ಅನ್ನುತ್ತಿದ್ದೆ ನಾನು. ಆದರೆ ಅವರು ಹೇಳುತ್ತಿದ್ದುದರಲ್ಲಿ ತಪ್ಪೇನೂ ಇರಲಿಲ್ಲ.

ಒಂದು ವ್ಯಾನ್ ತುಂಬ ಮಕ್ಕಳನ್ನು ಗಲಾಟೆಯಿಲ್ಲದೆ ಶಾಲೆ ಮುಟ್ಟಿಸುವುದು ಹೇಗೆ? ಬೇರೆ ವ್ಯಾನಿನವರು ಹಾಡು ಹಾಕುತ್ತಾರೆ, ಗದರುತ್ತಾರೆ, ಇನ್ನು ಕೆಲವರು ಕಿವಿಗೆ ಹತ್ತಿ ತುರುಕಿಕೊಳ್ಳುತ್ತಾರೆ. ನಮ್ಮವರದು ಬೇರೆಯೇ ಉಪಾಯ. ಡ್ರೈವರ್ ಸೀಟಿನ ಬೆನ್ನಿಗೇ ಇರುವ ಸೀಟಿಗೆ ‘ಕಥೆ ಸೀಟು’ ಅಂತ ಹೆಸರು. ದಿನಕ್ಕೊಬ್ಬರ ಸರದಿ. ಅಲ್ಲಿ ಕೂತ ಮಗು ಹಿಂದಿನ ಸಂಜೆಯ ‘ತೇಲುಗಾಡಿ’ಯ ಕಥೆಯನ್ನು ವ್ಯಾನ್ ಮಾವನಿಗೆ ಹೇಳಬೇಕು. ಉಳಿದವರು ಬಾಯಿ ಮುಚ್ಚಿ ಕೇಳಬೇಕು, ತಪ್ಪಿದ್ದರೆ ಕೈ ಎತ್ತಬೇಕು. ಯಾಕೆಂದರೆ ತೇಲುಗಾಡಿ ಬರುವ ಹೊತ್ತಿಗೆ ವ್ಯಾನ್ ಮಾವ ಊರಾಚೆಯ ಹೊಸ ಬಡಾವಣೆಯಲ್ಲಿ ಕೊನೆಯ ಮಕ್ಕಳನ್ನು ಇಳಿಸುತ್ತಿರುತ್ತಾರೆ. ಒಂದು ದಿನವೂ ನೋಡಿದವರಲ್ಲ. ಹೊರಗಿನವರು ಯಾರಾದರೂ ಫೋನಿನಲ್ಲಿ ತೋರಿಸುತ್ತೇನೆಂದರೂ ಬೇಡ ಅನ್ನುವರು. “ನಾನು ನೋಡಿಬಿಟ್ರೆ ಹೇಳೋ ಮಕ್ಕಳಿಗೇನು ಖುಷಿ?”

ತೇಲುಗಾಡಿ ಅಂದರೆ ಹತ್ತು ಹನ್ನೆರಡು ವರ್ಷದಿಂದ ಬರುತ್ತಿದ್ದ ಕಾರ್ಟೂನು. ಮೋಡದ ಮೇಲೆ ತೇಲುವ ಒಂದು ಗಾಡಿ. ಅದರಲ್ಲಿ ಮೊಲ, ಕೋತಿ, ಆನೆ, ಅಳಿಲು, ಮುಳ್ಳುಹಂದಿ, ಎಲ್ಲವೂ ಮರಿಗಳು. ತಪ್ಪಿಹೋದ ತಮ್ಮ ಊರನ್ನು ಹುಡುಕುತ್ತ ಹೊರಟಿವೆ. ದಿನಕ್ಕೊಂದು ಊರು, ದಿನಕ್ಕೊಂದು ಫಜೀತಿ. ಅದರಲ್ಲಿ ವ್ಯಾನ್ ಮಾವನಿಗೆ ಅಚ್ಚುಮೆಚ್ಚು ಗಾಡಿ ಓಡಿಸುವ ‘ಗಾಡಿ ಮಾವ’. ಕಥೆಯಲ್ಲಿ ಗಾಡಿ ಮಾವ ಬಂದರೆ ಸಾಕು, ಇವರು ಕನ್ನಡಿಯಲ್ಲಿ ಹಿಂದೆ ನೋಡುತ್ತ, “ಆಮೇಲೆ? ಏನಂದ?” ಅನ್ನುವರು. ಗಾಡಿ ಮಾವ ಕೋತಿಮರಿಗೆ, “ಕೈ ಹೊರಗೆ ಹಾಕ್ಬೇಡ, ಕೈ ಬೇಕು ಅಂದ್ರೆ ಒಳಗಿಡು,” ಅಂದನಂತೆ. ಆನೆಮರಿ ಹಟ ಮಾಡಿದಾಗ, “ನಾನು ಹೊರಡ್ತೀನಪ್ಪ, ನೀನು ನಡ್ಕೊಂಡು ಬಾ,” ಅಂದನಂತೆ. ವ್ಯಾನ್ ಮಾವನಿಗೆ ಆನಂದವೋ ಆನಂದ. “ನೋಡಿ ಅಕ್ಕ, ನಾನು ಹೇಳೋ ಹಾಗೇ ಹೇಳ್ತಾನೆ! ಟೀವಿಯವರಿಗಾದ್ರೂ ಗೊತ್ತಿದೆಯಲ್ಲ, ಡ್ರೈವರ್ ಅಂದ್ರೆ ಯಾರು ಅಂತ.”

ಅವರು ಹೇಳುವ ಹಾಗೇ ಹೇಳುತ್ತಿದ್ದ, ಸರಿ. ಯಾಕೆಂದರೆ ತೇಲುಗಾಡಿಯಲ್ಲಿ ಗಾಡಿ ಮಾವನೇ ಇರಲಿಲ್ಲ. ಟೀವಿಯಲ್ಲಿ ಬರುವ ಆ ಗಾಡಿ ತಾನಾಗೇ ಹೋಗುತ್ತದೆ.

ನಾನು ಕೆಲಸಕ್ಕೆ ಸೇರುವ ಹೊತ್ತಿಗಾಗಲೇ ಗಾಡಿ ಮಾವ ಕಥೆಯೊಳಗೆ ಬಂದು ಕಂಬಳಿ ಹಾಸಿಕೊಂಡು ಕೂತಾಗಿತ್ತು. ಸೇರಿದ ಹೊಸತರಲ್ಲಿ ತಂಗಿಯ ಮನೆಗೆ ಹೋದಾಗ ಒಂದು ಸಂಜೆ ತೇಲುಗಾಡಿ ನೋಡಿದೆ. ಡ್ರೈವರ್ ಎಲ್ಲಿ, ಡ್ರೈವರ್ ಎಲ್ಲಿ ಅಂತ ಹುಡುಕಿ ಹುಡುಕಿ ಕಕ್ಕಾಬಿಕ್ಕಿಯಾದೆ. ಮಾರನೆಯ ದಿನ ಶಾಲೆಯ ಗೇಟಿನಲ್ಲಿ ದೊಡ್ಡ ಹುಡುಗಿಯೊಬ್ಬಳನ್ನು ಹಿಡಿದು ಕೇಳಿದೆ. ಅವಳು ನನ್ನ ಸೆರಗು ಜಗ್ಗಿ ಪಕ್ಕಕ್ಕೆ ಕರೆದುಕೊಂಡು ಹೋಗಿ, “ಆಯಮ್ಮ, ಅದು ವ್ಯಾನಿನ ಕಥೆ. ಹೊರಗೆ ಹೇಳುವಾಗ ಇದ್ದ ಹಾಗೆ ಹೇಳ್ಬೇಕು, ವ್ಯಾನಲ್ಲಿ ಹೇಳುವಾಗ ಮಾವನ್ನ ಸೇರಿಸ್ಬೇಕು. ನೀವೂ ಬಾಯಿ ಬಿಡಬಾರ್ದು,” ಅಂತ ಅಪ್ಪಣೆ ಮಾಡಿದಳು. ಅದು ಅಲ್ಲಿಯ ಕಾನೂನು. ಯಾವ ಹೊಸ ಮಗು ಬಂದರೂ ಹಳೆಯವರು ಗೇಟಿನ ಹತ್ತಿರ ಕರೆದು ಇದನ್ನು ಕಿವಿಯಲ್ಲಿ ಊದುತ್ತಿದ್ದರು. ದೊಡ್ಡವರು ಶಾಲೆ ಬಿಟ್ಟು ಹೋದರು, ಚಿಕ್ಕವರು ದೊಡ್ಡವರಾದರು, ಕಾನೂನು ಮಾತ್ರ ಉಳಿಯಿತು.

ಮಕ್ಕಳೇನು ಕಮ್ಮಿಯೇ? ಗಾಡಿ ಮಾವನನ್ನು ಚೆನ್ನಾಗಿ ದುಡಿಸಿಕೊಂಡರು. ವ್ಯಾನ್ ಮಾವ ಸಿಗರೇಟು ಸೇದುತ್ತಿದ್ದ ಕಾಲದಲ್ಲಿ ಗಾಡಿ ಮಾವನಿಗೆ ಜೋರು ಕೆಮ್ಮು ಬಂತು, ಒಂದು ವಾರ ಕೆಮ್ಮಿದ, ಕೊನೆಗೆ ಸಿಗರೇಟು ಪ್ಯಾಕನ್ನು ಮೋಡದಿಂದ ಕೆಳಕ್ಕೆ ಎಸೆದ. ಅದಾಗಿ ತಿಂಗಳೊಳಗೆ ನಮ್ಮವರೂ ಬಿಟ್ಟರು. ಗಾಡಿ ಮಾವನಿಗೆ ಬೋರ್ಡು ಸರಿಯಾಗಿ ಕಾಣದೆ ಗಾಡಿ ತಪ್ಪು ಊರಿಗೆ ಹೋಯಿತು, ಅವನು ಚಸ್ಮಾ ಹಾಕಿಸಿಕೊಂಡ. ನಮ್ಮವರೂ ಹೋಗಿ ಹಾಕಿಸಿಕೊಂಡು ಬಂದರು. ಶನಿವಾರ ಗಾಡಿ ಮಾವ ಎಲ್ಲರಿಗೂ ಚಾಕಲೇಟು ಕೊಡುತ್ತಾನೆಂದು ಯಾವನೋ ತರಲೆ ಸೇರಿಸಿಬಿಟ್ಟ. ಅವತ್ತಿನಿಂದ ನಮ್ಮ ವ್ಯಾನಿನಲ್ಲೂ ಶನಿವಾರದ ಚಾಕಲೇಟು ಶುರುವಾಯಿತು. ನಾನು ಒಳಗೊಳಗೇ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆ. ಇದು ಎಂದಾದರೂ ಮುಗಿಯುತ್ತದೆ ಅಂತ ನನಗೆ ಹೊಳೆದಿರಲೇ ಇಲ್ಲ.

ಒಂದು ಸೋಮವಾರ ಹತ್ತುತ್ತಿದ್ದ ಹಾಗೇ ಮಕ್ಕಳೆಲ್ಲ ಒಟ್ಟಿಗೆ ಕಿರುಚಿದರು. ತೇಲುಗಾಡಿ ಮುಗಿಯುತ್ತದಂತೆ! ಬರುವ ಭಾನುವಾರ ಕೊನೆಯ ಕಂತು, ಸಂಜೆ ನಾಲ್ಕಕ್ಕೆ, ಒಂದು ಗಂಟೆಯ ವಿಶೇಷ. ವ್ಯಾನ್ ಮಾವ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಹಿಂದೆ ತಿರುಗಿದರು.

“ಭಾನುವಾರನಾ? ಭಾನುವಾರ ನನಗೆ ರಜೆ ಅಲ್ವಾ!”

ಎಲ್ಲರ ಕಣ್ಣೂ ನನ್ನ ಮೇಲೆ.

“ಇಷ್ಟು ವರ್ಷ ಕೇಳಿದ್ದಾಯ್ತು,” ಅಂದರು ಅವರು. “ಕೊನೇದೊಂದನ್ನ ನಿಮ್ಮ ಜೊತೆ ಕೂತು ನೋಡ್ತೀನಿ. ಗಾಡಿ ಮಾವನ ಮುಖ ಹೇಗಿದೆ ಅಂತಾನೂ ನೋಡ್ಬೇಕು.”

ಆ ವಾರ ನಾವು ಪಟ್ಟ ಪಾಡು ನಮಗೇ ಗೊತ್ತು. ನಮ್ಮ ಪೈಕಿ ದೊಡ್ಡವಳು ದರ್ಜಿಯ ಮಗಳು. ಎಲ್ಲದಕ್ಕೂ ವಾದ ಹೂಡುವ ಅವಳಿಗೆ ವಕೀಲಮ್ಮ ಅಂತಲೇ ಹೆಸರು. ಟೀವಿ ಕೆಟ್ಟಿದೆ ಅನ್ನೋಣ, ಕರೆಂಟ್ ಹೋಯಿತು ಅನ್ನೋಣ, ಆಯಮ್ಮನಿಗೆ ಎದೆನೋವು ಬಂತು ಅನ್ನೋಣ, ಹೀಗೆ ದಿನಕ್ಕೊಂದು ಯೋಜನೆ ತಂದಳು. ಎದೆನೋವಿಗೆ ನಾನು ಒಪ್ಪಲಿಲ್ಲ. ಕೊನೆಗೆ ಅವಳಿಗೆ ಒಂದು ಒಳ್ಳೆಯದು ಹೊಳೆಯಿತು. ಕೊನೆಯ ಕಂತಿಗೆ ಮುಂಚೆಯೇ ಗಾಡಿ ಮಾವನಿಗೆ ರಜೆ ಕೊಟ್ಟು ಇಳಿಸಿಬಿಡುವುದು. ಆಗ ಭಾನುವಾರ ಅವನು ಕಾಣದಿದ್ದರೆ ಯಾರೂ ಕೇಳುವುದಿಲ್ಲ.

ಶುಕ್ರವಾರ ಕಥೆ ಸೀಟಿನಲ್ಲಿದ್ದವನು ಪೆನ್ಸಿಲ್. ಕಡ್ಡಿಯಂತಿರುವ ಹುಡುಗ, ಅದಕ್ಕೇ ಆ ಹೆಸರು. ಪಾಪ, ಬೆವರಿ ಒದ್ದೆಯಾಗಿದ್ದ. “ಆಮೇಲೆ ಗಾಡಿ ಮಾವ... ಸುಸ್ತಾಯ್ತು ಅಂತ... ರಜೆ ಹಾಕಿ ಇಳಿದುಹೋದ್ರು,” ಅಂದ.

“ಯಾವಾಗ ಬರ್ತಾನೆ?”

“ಬರಲ್ಲ ಮಾವ.”

ವ್ಯಾನ್ ಮಾವ ಜೋರಾಗಿ ನಕ್ಕರು. “ಊರು ಹತ್ರ ಬಂದಿದೆ, ಮಕ್ಕಳಿನ್ನೂ ಗಾಡೀಲಿದಾವೆ, ಆಗ ಡ್ರೈವರ್ ರಜೆ ಹಾಕ್ತಾನಾ? ಸಾಧ್ಯಾನೇ ಇಲ್ಲ ಕಣೋ! ಸುಮ್ನೆ ಹೆದರಿಸ್ತಾರೆ, ಕೊನೇಲಿ ಓಡಿ ಬರ್ತಾನೆ ನೋಡ್ತಿರು.”

ಪೆನ್ಸಿಲ್ ನನ್ನ ಕಡೆ ನೋಡಿದ. ಈ ಮನುಷ್ಯನಿಗೆ ಸತ್ಯ ತಿಳಿದರೆ ನಮ್ಮ ಮುಖ ಮತ್ತೆ ನೋಡುತ್ತಾರೆಯೇ ಎಂಬ ಭಯ ಅವತ್ತು ಶುರುವಾಯಿತು.

ಭಾನುವಾರ ದರ್ಜಿಯ ಮನೆಯ ನಡುಮನೆಯಲ್ಲಿ ಎಲ್ಲರೂ ಸೇರಿದೆವು. ಹೊಲಿಗೆ ಮೆಷಿನ್ ಎರಡನ್ನೂ ಗೋಡೆಗೆ ಒತ್ತರಿಸಿದ್ದರು. ನೆಲದ ಮೇಲೆ ಬಣ್ಣಬಣ್ಣದ ದಾರದ ಚೂರು, ಮೂಲೆಯಲ್ಲಿ ಅರ್ಧ ಹೊಲಿದ ಸಮವಸ್ತ್ರಗಳ ರಾಶಿ. ಮಕ್ಕಳು ಚಾಪೆಯ ಮೇಲೆ, ವ್ಯಾನ್ ಮಾವ ಕುರ್ಚಿಯ ಮೇಲೆ. ಇಸ್ತ್ರಿ ಮಾಡಿದ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿ ಬಾಚಿ, ಹೆಣ್ಣು ನೋಡಲು ಬಂದವರ ಹಾಗೆ ಬಂದಿದ್ದರು. ಎಲ್ಲರಿಗೂ ಅಂತ ಬಿಸ್ಕೆಟ್ ಪೊಟ್ಟಣ ಬೇರೆ. ಯುಕೆಜಿಯ ಗುಬ್ಬಿ ಓಡಿಬಂದು ಅವರ ಮಡಿಲೇರಿದಳು. ನಮ್ಮ ವ್ಯಾನಿನಲ್ಲಿ ತೀರ ಚಿಕ್ಕವಳು ಅವಳೇ. ಅವಳ ಅಪ್ಪ ಕಣ್ಣು ಹಾಳಾಗುತ್ತದೆಂದು ಮನೆಗೆ ಟೀವಿಯನ್ನೇ ತಂದಿರಲಿಲ್ಲ. ಕಥೆ ಸೀಟಿನ ಸರದಿ ಇಲ್ಲದ್ದಕ್ಕೆ ಗೇಟಿನ ಕಾನೂನನ್ನೂ ಅವಳ ಕಿವಿಯಲ್ಲಿ ಯಾರೂ ಊದಿರಲಿಲ್ಲ, ಅವಳಿಗೆ ಗೊತ್ತಿದ್ದುದು ವ್ಯಾನಿನ ಕಥೆ ಮಾತ್ರ. ಇದು ನಮ್ಮಲ್ಲಿ ಒಬ್ಬರ ತಲೆಗೂ ಹೋಗಿರಲಿಲ್ಲ.

ಶುರುವಾಯಿತು. ಗಾಡಿ ತೇಲಿಬಂತು. “ಎಲ್ಲಿ? ಮುಂದೆ ಕೂತಿದ್ದಾನಾ?” ಅಂದರು ವ್ಯಾನ್ ಮಾವ. “ಈಗ ಬರ್ತಾರೆ ಮಾವ,” ಅಂದಳು ವಕೀಲಮ್ಮ. ಹತ್ತು ನಿಮಿಷ ಬಿಟ್ಟು, “ಈ ಕ್ಯಾಮೆರಾದವನಿಗೆ ಬುದ್ಧಿ ಇಲ್ಲ. ಬರೀ ಹಿಂದ್ಗಡೆನೇ ತೋರಿಸ್ತಾನೆ,” ಅಂದರು. ಆಮೇಲೆ ಗಾಡಿ ಒಂದು ಬೆಟ್ಟವನ್ನು ಸುತ್ತಿಕೊಂಡು ನೇರ ನಮ್ಮ ಕಡೆಗೇ ಬಂತು. ಅದರ ಮೂತಿ ಪರದೆಯ ತುಂಬ ಕಂಡಿತು. ಒಂದು ಲಾಂದ್ರ, ಒಂದು ಗಂಟೆ, ಅಷ್ಟೇ. ವ್ಯಾನ್ ಮಾವ ಚಸ್ಮಾ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು.

ಇತ್ತ ಟೀವಿಯಲ್ಲಿ ಮರಿಗಳ ಊರು ಸಿಕ್ಕೇಬಿಟ್ಟಿತು. ಮಕ್ಕಳೆಲ್ಲ ಹೋ ಎಂದು ಚಪ್ಪಾಳೆ ತಟ್ಟಿದರು. ಮೊಲ ಇಳಿಯಿತು, ಅಳಿಲು ಇಳಿಯಿತು, ಆನೆಮರಿ, ಮುಳ್ಳುಹಂದಿ, ಕೊನೆಗೆ ಕೋತಿಮರಿ. ಎಲ್ಲರ ಅಮ್ಮಂದಿರೂ ಓಡಿಬಂದು ತಬ್ಬಿಕೊಂಡರು. ಸರಿ, ಸುಖವಾಗಿ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಕೋತಿಮರಿ ತಿರುಗಿ ನೋಡಿತು. ಗಾಡಿ ಇನ್ನೂ ಅಲ್ಲೇ ನಿಂತಿತ್ತು. ಕೋತಿಮರಿ ತಲೆ ಕೆರೆದುಕೊಂಡು, “ಅಮ್ಮಾ, ಇದು ಯಾರ ಗಾಡಿ?” ಅಂತ ಕೇಳಿತು. ಉಳಿದ ನಾಲ್ಕೂ ಪಿಳಿಪಿಳಿ ನೋಡಿದವು. ಯಾರಿಗೂ ಗೊತ್ತಿರಲಿಲ್ಲ. ಇಳಿದವರಿಗೆಲ್ಲ ಗಾಡಿ ಮರೆತುಹೋಗಿತ್ತು. ಗಾಡಿಯ ಗಂಟೆ ಒಮ್ಮೆ ಮೆಲ್ಲಗೆ ಟಿಣ್ ಅಂದಿತು. ಆಮೇಲೆ ಖಾಲಿ ಗಾಡಿ ಮೋಡದಲ್ಲಿ ತೇಲಿಹೋಯಿತು. ಅಷ್ಟೇ. ಪರದೆ ಕಪ್ಪಾಯಿತು, ಹಲ್ಲುಜ್ಜುವ ಪೇಸ್ಟಿನ ಜಾಹೀರಾತು ಬಂತು.

ಪೆನ್ಸಿಲ್‌ನ ಕೈಯಲ್ಲಿದ್ದ ಬಿಸ್ಕೆಟ್ ಬಾಯಿಯ ಹತ್ತಿರವೇ ನಿಂತಿತ್ತು. ಮಾತಿಗೆ ಎಂದೂ ಬರವಿಲ್ಲದ ವಕೀಲಮ್ಮ ಬಾಯಿ ತೆರೆದುಕೊಂಡೇ ಕೂತಿದ್ದಳು. ಇಷ್ಟು ವರ್ಷ ಹೊತ್ತು ತಿರುಗಿದ ಗಾಡಿಯನ್ನು ‘ಯಾರದು’ ಅನ್ನುವುದೇ? ಇದನ್ನು ಬರೆದವನ ಕೈ ಯಾಕೆ ನಡುಗಲಿಲ್ಲ ಅಂತ ನನಗೂ ಸಿಟ್ಟು ಉಕ್ಕಿತು. ಆಗ ಗುಬ್ಬಿಯ ಗಟ್ಟಿ ದನಿ ಕೇಳಿಸಿತು.

“ಗಾಡಿ ಮಾವ ಎಲ್ಲಿ? ಗಾಡಿ ಮಾವ ಬರ್ಲೇ ಇಲ್ವಲ್ಲ!”

ಅವಳು ವ್ಯಾನ್ ಮಾವನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿದಳು. “ವ್ಯಾನ್ ಮಾವ, ಎಲ್ಲಿ?”

ಅವರ ಮುಖದಲ್ಲಿ ಒಂದು ಹನಿ ರಕ್ತವಿರಲಿಲ್ಲ. ಗುಬ್ಬಿಯನ್ನು ಮೆಲ್ಲಗೆ ಕೆಳಗಿಳಿಸಿದರು.

“ಮುಂದ್ಗಡೆ ಸೀಟೇ ಇಲ್ಲ,” ಅಂದರು. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಸೋಮವಾರ ಊರಿಗೆ ಊರೇ ಅದೇ ಮಾತು. ಶಾಲೆಯ ಗೇಟಿನಲ್ಲಿ ಬೇರೆ ವ್ಯಾನಿನ ಮಕ್ಕಳೂ ಕಣ್ಣು ಊದಿಸಿಕೊಂಡು ನಿಂತಿದ್ದವು. “ನಮ್ಮನೇಲೂ ನೋಡಿದ್ವಿ. ಸಾಕಿ ಸಲಹಿದ ಗಾಡೀನೇ ಯಾರ ಗಾಡಿ ಅಂತಾವಲ್ಲ, ಇದ್ಯಾವ ನ್ಯಾಯ?” ಅಂತ ವಾಚ್‌ಮನ್ ನನ್ನನ್ನೇ ತರಾಟೆಗೆ ತೆಗೆದುಕೊಂಡ, ನಾನೇ ಬರೆದ ಹಾಗೆ. ವ್ಯಾನಿನೊಳಗೆ ಮಾತ್ರ ಪಿಸುಮಾತು. ಕಥೆ ಸೀಟಿನಲ್ಲಿ ಯಾರೂ ಕೂರಲಿಲ್ಲ.

“ಮರೆಯೋದೇ ಆಗಿದ್ರೆ ಇಷ್ಟು ವರ್ಷ ಯಾಕೆ ತಿರುಗ್ಬೇಕಿತ್ತು?” ಅಂದ ಪೆನ್ಸಿಲ್.

“ನೆನಪಿದ್ದಿದ್ರೆ ಇಳೀತಾನೇ ಇರ್ಲಿಲ್ಲ, ಅದಕ್ಕೇ ಮರೆಸಿದ್ದು,” ಅಂದಳು ವಕೀಲಮ್ಮ. ಅವಳ ವಾದದಲ್ಲಿ ಎಂದಿನ ಜೋರಿರಲಿಲ್ಲ. ಆಮೇಲೆ ಇನ್ನೂ ಮೆಲ್ಲಗೆ, “ನಾವೂ ಮರೀತೀವಾ?” ಅಂದಳು.

“ನಾನು ಮರೆಯಲ್ಲ. ನೀವೆಲ್ಲ ಸುಳ್ಳುಗಾರರು,” ಅಂದಳು ಗುಬ್ಬಿ. ಅವಳು ಯಾರ ಪಕ್ಕದಲ್ಲೂ ಕೂರದೆ ನನ್ನ ಕಾಲಬುಡದಲ್ಲಿ ಕೂತಿದ್ದಳು.

ಟೈರ್ ಅಂಗಡಿಯ ಹತ್ತಿರ ವ್ಯಾನ್ ಪಕ್ಕಕ್ಕೆ ಸರಿದು ನಿಂತಿತು. ವ್ಯಾನ್ ಮಾವ ತಿರುಗಲಿಲ್ಲ. ಕನ್ನಡಿಯಲ್ಲೇ ನೋಡುತ್ತ ಕೇಳಿದರು. “ಗಾಡಿ ಮಾವ ಇಲ್ಲ ಅಂತ ಎಷ್ಟು ಜನಕ್ಕೆ ಗೊತ್ತಿತ್ತು? ಕೈ ಎತ್ತಿ.”

ಒಂದೊಂದೇ ಕೈ ಮೇಲೆದ್ದಿತು. ಗುಬ್ಬಿಯದೊಂದು ಬಿಟ್ಟು ಎಲ್ಲರದೂ. ನಾನೂ ಎತ್ತಿದೆ.

“ಅಕ್ಕ, ನೀವೂನಾ?”

ಜಗತ್ತಿನಲ್ಲಿ ಯಾರಿಗೂ ಹೆದರದ ಬಾಯಿ ನನ್ನದು. ಅವತ್ತು ಅದು ಕಟ್ಟಿಹೋಯಿತು.

“ಸಿಗರೇಟು?”

“ನಾವೇ ಮಾವ,” ಅಂದಳು ವಕೀಲಮ್ಮ. “ಅಂದ್ರೆ, ನಮಗಿಂತ ಮುಂಚಿನವರು. ನೀವು ತುಂಬಾ ಕೆಮ್ತಿದ್ರಂತೆ.”

“ಈ ಚಸ್ಮಾ?”

ಅವರು ಚಸ್ಮಾ ತೆಗೆಯಲು ಕೈ ಎತ್ತಿದವರು, ಮುಂದೆ ರಸ್ತೆಯಿದೆ ಎಂಬುದು ನೆನಪಾಗಿ ಹಾಗೇ ಬಿಟ್ಟರು. “ಇಡೀ ಊರು ನನ್ನನ್ನ ಮಂಗ ಮಾಡ್ತು. ಮನೇಲಿ ಹೆಂಡತೀನ ಕೇಳಿದ್ರೆ ಅವಳಿಗೂ ಗೊತ್ತಿತ್ತಂತೆ. ನಾಳೆಯಿಂದ ಕಥೆ ಬೇಡ,” ಅಂದರು. ಗಾಡಿ ಹೊರಟಿತು.

ಆ ವಾರದಂಥ ವಾರ ಯಾರಿಗೂ ಬೇಡ. ಬೈದಿದ್ದರೆ ಚೆನ್ನಾಗಿತ್ತು. ಅವರು ಸರಿಯಾದ ಹೊತ್ತಿಗೆ ಬಂದರು, ಸರಿಯಾದ ಹೊತ್ತಿಗೆ ಬಿಟ್ಟರು, ತುಟಿ ಪಿಟಕ್ಕೆನ್ನಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿದರೂ ಪೇಪರ್ ಬಿಚ್ಚಲಿಲ್ಲ. ಗುರುವಾರ ನಾನೇ ಹತ್ತಿರ ಹೋಗಿ ಕೂತೆ.

“ಈ ತಿಂಗಳು ಮುಗಿದ್ಮೇಲೆ ಆಫೀಸಿಗೆ ಕೀ ಕೊಟ್ಟುಬಿಡ್ತೀನಿ ಅಕ್ಕ,” ಅಂದರು. “ಮತ್ತೆ ಲಾರಿಗೇ ಹೋಗ್ತೀನಿ. ಜಲ್ಲಿ ಸುಳ್ಳು ಹೇಳಲ್ಲ.”

“ಏನ್ ಮಾತು ಅಂತ ಆಡ್ತೀರಿ? ಮಕ್ಕಳನ್ನ ಯಾರು ಕರ್ಕೊಂಡು ಬರ್ತಾರೆ?”

“ಗಾಡಿ ತಾನಾಗೇ ಬರುತ್ತಲ್ಲ,” ಅಂದರು.

ನನಗೆ ಕೆನ್ನೆಗೆ ಬಾರಿಸಿದಂತಾಯಿತು. ಅವರ ನೋವು ಎಲ್ಲಿದೆ ಅಂತ ಆಗ ಅರ್ಥವಾಯಿತು. ಮಕ್ಕಳು ಸುಳ್ಳು ಹೇಳಿದ್ದಕ್ಕಲ್ಲ. ಇಡೀ ಜಗತ್ತಿನಲ್ಲಿ ಒಂದೇ ಒಂದು ಕಡೆ ಡ್ರೈವರ್ ಅನ್ನುವವನನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ ಅಂದುಕೊಂಡಿದ್ದರು. ಅಲ್ಲಿಯೂ ಅವನು ಇರಲಿಲ್ಲ. ಇವರು ಹೋದರೆ ನಾನೂ ಹೋದಂತೆಯೇ. ಬೇರೆ ಯಾವ ಡ್ರೈವರ್ ಜೊತೆಗೂ ನನಗೆ ಆಗಿಬರುವುದಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು.

ಈ ಆಟ ಶುರು ಮಾಡಿದವರು ಯಾರು ಅಂತ ಅವತ್ತೇ ಮಕ್ಕಳನ್ನು ಹಿಡಿದು ಕೂರಿಸಿ ಕೇಳಿದೆ. ವಕೀಲಮ್ಮನಿಗೆ ಹೇಳಿಕೊಟ್ಟವಳು ಅವಳ ಚಿಕ್ಕಪ್ಪನ ಮಗಳು. ಆ ಹುಡುಗಿಯ ಮನೆಗೆ ಹೋಗಿ ಕೇಳಿದರೆ ಇನ್ನೊಬ್ಬನ ಕಡೆ ಬೆರಳು ತೋರಿಸಿದಳು. ಅವನು ಇನ್ನೂ ಹಿಂದಿನವಳ ಕಡೆ. ಹೀಗೆ ಎಳೆ ಹಿಡಿದು ಹೋದರೆ ಅದು ಕಥೆ ಸೀಟು ಶುರುವಾದ ಮೊದಲ ವರ್ಷದ ಒಬ್ಬ ಮಾತಿನಮಲ್ಲಿಯ ಹತ್ತಿರ ನಿಂತಿತು. ಅಂದು ಗೇಟಿನಲ್ಲಿ ನನ್ನ ಸೆರಗು ಜಗ್ಗಿ ಅಪ್ಪಣೆ ಮಾಡಿದ್ದ ಹುಡುಗಿಯೇ ಅವಳು. ಈಗ ಆಸ್ಪತ್ರೆಯ ಎದುರಿನ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದಾಳೆ.

ಶನಿವಾರ ಮಧ್ಯಾಹ್ನ ಮಕ್ಕಳನ್ನೆಲ್ಲ ಇಳಿಸಿದ ಮೇಲೆ, “ನಡೀರಿ. ಬೈಯೋದಿದ್ರೆ ಬುಡಕ್ಕೇ ಬೈಯಿರಿ. ಚಿಕ್ಕಮಕ್ಕಳ ಮೇಲೆ ಮುಖ ಊದಿಸ್ಕೊಂಡು ಏನು ಬಂತು?” ಅಂತ 
ವ್ಯಾನ್ ಮಾವನನ್ನು ಕರೆದೆ. ಬರುವುದಿಲ್ಲ ಅಂದರು. ಹೆಂಡತಿಯ ಬಿಪಿ ಮಾತ್ರೆ ಮುಗಿದದ್ದನ್ನು ನೆನಪಿಸಿದೆ. ಬಂದರು.

ಬಿಳಿ ಕೋಟು ಹಾಕಿಕೊಂಡು ಗಾಜಿನ ಕಪಾಟಿನ ಹಿಂದೆ ನಿಂತಿದ್ದ ಹುಡುಗಿ ತಲೆಯೆತ್ತಿ, “ಅಯ್ಯೋ ವ್ಯಾನ್ ಮಾವ! ಆಯಮ್ಮ!” ಅಂತ ಅಂಗಡಿಯೇ ತಿರುಗಿ ನೋಡುವ ಹಾಗೆ ಕೂಗಿದಳು. ವ್ಯಾನ್ ಮಾವ ನಗಲಿಲ್ಲ. ಮಾತ್ರೆಯ ಖಾಲಿ ಪಟ್ಟಿಯನ್ನು ಗಾಜಿನ ಮೇಲಿಟ್ಟು ನೇರವಾಗಿ ಕೇಳಿದರು.

“ತೇಲುಗಾಡೀಲಿ ಗಾಡಿ ಮಾವನ್ನ ಸೇರಿಸಿದ್ದು ನೀನಾ?”

ಹುಡುಗಿ ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು. “ಹೌದು ಮಾವ. ನಾನೇ.”

“ಯಾಕೆ? ಈ ಡ್ರೈವರ್ ಪೆದ್ದ, ಏನು ಹೇಳಿದ್ರೂ ನಂಬ್ತಾನೆ ಅಂತಾನಾ?”

“ಮಾವ, ನಿಮಗೆ ನಿಜವಾಗ್ಲೂ ನೆನಪಿಲ್ವಾ?” ಅವಳಿಗೆ ಆಶ್ಚರ್ಯ ತಡೆಯಲಾಗಲಿಲ್ಲ. “ಮೊದಲನೇ ದಿನ ನಾನು ಸರಿಯಾಗೇ ಹೇಳಿದ್ದೆ. ಐದು ಮರಿಗಳಿದಾವೆ, ಗಾಡಿ ತಾನಾಗೇ ಹೋಗುತ್ತೆ, ಯಾರೂ ಇಲ್ಲ ಅಂತ. ನೀವು ವ್ಯಾನ್ ನಿಲ್ಸಿಬಿಟ್ರಿ. ಯಾರೂ ಇಲ್ವಾ? ದೊಡ್ಡವರು ಒಬ್ರೂ ಇಲ್ವಾ? ಕತ್ತಲಾದ್ರೆ ಏನ್ಮಾಡ್ತಾವೆ? ಯಾವುದಕ್ಕಾದ್ರೂ ಜ್ವರ ಬಂದ್ರೆ? ಅಂತ ಕೇಳಿದ್ದೇ ಕೇಳಿದ್ದು. ಸಂಜೆ ಮನೆ ಹತ್ರ ಇಳಿಸುವಾಗ್ಲೂ, ಆ ಮರಿಗಳು ಊಟ ಮಾಡಿದ್ವಂತಾ ಅಂದ್ರಿ. ಮಾರನೇ ದಿನ ನಾನಿನ್ನೂ ಬ್ಯಾಗ್ ಕೆಳಗಿಟ್ಟಿರ್ಲಿಲ್ಲ. ನಿಮ್ಮ ಕಣ್ಣು ಕೆಂಪಗಿತ್ತು ಮಾವ, ನಿದ್ದೆನೇ ಮಾಡಿಲ್ಲ ಅನ್ನೋ ಹಾಗೆ. ದೊಡ್ಡವರು ಯಾರಾದ್ರೂ ಹತ್ತಿದ್ರಾ ಆ ಗಾಡಿಗೆ ಅಂತ ಕೇಳಿದ್ರಿ. ನನಗೆ ನೋಡೋಕಾಗ್ಲಿಲ್ಲ. ಹತ್ತಿದ್ರು, ಒಬ್ರು ಮಾವ ಹತ್ತಿದ್ರು ಅಂದೆ. ನೀವು ‘ಅಬ್ಬಾ’ ಅಂದ್ರಿ. ಗಾಡಿ ಸ್ಟಾರ್ಟ್ ಮಾಡಿದ್ರಿ.”

ವ್ಯಾನ್ ಮಾವ ಗಾಜಿನ ಕಪಾಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಓಡಿಸುತ್ತಿದ್ದ ಲಾರಿ ಪಲ್ಟಿ ಹೊಡೆದಿದ್ದರೂ ಇಷ್ಟು ಬೆಚ್ಚುತ್ತಿದ್ದರೋ ಇಲ್ಲವೋ.

“ನಾನಾ?”

“ನೀವೇ ಮಾವ. ಆಮೇಲೆ ಬಂದವರಿಗೆಲ್ಲ ಅದನ್ನೇ ಹೇಳಿ ಹೋಗಿದೀನಿ. ಮಾವನ್ನ ಇಳಿಸ್ಬೇಡಿ, ಇಳಿಸಿದ್ರೆ ಅವರಿಗೆ ನಿದ್ದೆ ಬರಲ್ಲ ಅಂತ.”

ನನಗೂ ಇದು ಗೊತ್ತಿರಲಿಲ್ಲ. ಇಷ್ಟು ವರ್ಷ ನಾವೆಲ್ಲ ಸೇರಿ ಒಬ್ಬ ಮನುಷ್ಯನನ್ನು ಖುಷಿಪಡಿಸುತ್ತಿದ್ದೇವೆ ಅಂತ ನಾನು ಬೀಗಿದ್ದೆ. ಆ ಮನುಷ್ಯ ಮೊದಲ ದಿನವೇ, ಇಲ್ಲದ ಮಕ್ಕಳ ಚಿಂತೆಯಲ್ಲಿ ರಾತ್ರಿಯಿಡೀ ಎದ್ದಿದ್ದರಂತೆ. ಅದನ್ನು ತಾವೇ ಮರೆತೂ ಬಿಟ್ಟಿದ್ದರು.

ಹುಡುಗಿ ಮಾತ್ರೆ ತೆಗೆದು ಕವರಿಗೆ ಹಾಕಿದಳು. ಕೊಡಲು ಚಾಚಿದ ಕೈಯನ್ನು ಹಾಗೇ ತಡೆದು, “ಮುಗೀತಂತಲ್ಲ ಮಾವ? ಭಾನುವಾರ ನನಗೆ ಡ್ಯೂಟಿ ಇತ್ತು, ನೋಡ್ಲಿಲ್ಲ. ಹೇಗೆ ಮುಗೀತು, ಹೇಳಿ,” ಅಂದಳು.

ಅವರಿಗೆ ಯಾರೂ ಎಂದೂ ಈ ಪ್ರಶ್ನೆ ಕೇಳಿರಲಿಲ್ಲ. ಕೇಳುವವರು ಯಾವಾಗಲೂ ಅವರೇ. ಗಂಟಲು ಸರಿಮಾಡಿಕೊಂಡು ಶುರುಮಾಡಿದರು.

“ಊರು ಸಿಕ್ತು. ಎಲ್ಲಾ ಇಳಿದ್ರು. ಅಮ್ಮಂದ್ರು ಬಂದ್ರು. ಇಳಿದೋರಿಗೆ ಗಾಡಿ ಮರೆತೋಯ್ತು.”

“ಅಯ್ಯೋ! ಮರೆತೇಹೋಯ್ತಾ?” ಹುಡುಗಿಯ ಕೈ ಬಾಯಿಗೆ ಹೋಯಿತು. “ಮತ್ತೆ... ಗಾಡಿ ಮಾವ?”

ವ್ಯಾನ್ ಮಾವ ಚಸ್ಮಾ ಸರಿಮಾಡಿಕೊಂಡರು.

“ಅವನು ಹಿಂದ್ಗಡೆ ಹೋಗಿ ಒಂದ್ಸಲ ಸೀಟಿನಡಿ ಬಗ್ಗಿ ನೋಡ್ದ, ಯಾವುದಾದ್ರೂ ಮರಿ ನಿದ್ದೆ ಹೋಗಿ ಅಲ್ಲೇ ಉಳ್ಕೊಂಡಿದೆಯಾ ಅಂತ. ಯಾರೂ ಇರ್ಲಿಲ್ಲ. ಆಮೇಲೆ ಗಾಡಿ ತಿರುಗಿಸ್ದ,” ಅಂದರು. “ಸೋಮವಾರ ಬೇರೆ ಮಕ್ಕಳು ಕಾಯ್ತಿರ್ತಾವಲ್ಲ.”